ಹಾದಿಯಿಲ್ಲದ ನೆಲದಲ್ಲಿ ವಾಹನದ ಚಾಲನೆ, ತಡೆ, ಸಮತೋಲ: ದುಮ್ಮವಾಡ ಸೀಮೆಯನ್ನು ಕುರಿತ ಒಂದು ಐತಿಹಾಸಿಕ ವಿವೇಚನೆ

೧

ನಮ್ಮ ನಾಡಿನ ಸಾರಿಗೆಯ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ರಸ್ತೆಗಳ ಇತಿಹಾಸವನ್ನೇ ಬರೆದಿದ್ದಾರೆ. ಯಾವ ಘಟ್ಟವನ್ನು ಯಾವ ಕಾಲದಲ್ಲಿ ಕಡಿದರು, ಅದಕ್ಕೆ ಎಷ್ಟು ಹಣ ವೆಚ್ಚವಾಯಿತು, ಅದರಿಂದ ಯಾವ ಪೇಟೆ ಏರಿತು, ಯಾವುದು ಇಳಿಯಿತು ಎಂಬ ಸಂಗತಿಗಳು ಸರಕಾರದ ಕಾಗದಪತ್ರಗಳಲ್ಲಿ ಹೇರಳವಾಗಿ ಸಿಕ್ಕುವುದರಿಂದ ಹಾಗಾದುದು ಸಹಜವೇ. ಆದರೆ ಆ ರಸ್ತೆಯ ಮೇಲೆ ಉರುಳಿದ ಗಾಲಿ ಎಂಥದು, ರಸ್ತೆಯೇ ಇಲ್ಲದ ಎರೆಯ ಹೊಲದಲ್ಲಿ ಅದು ಹೇಗೆ ಸಾಗಿತು, ಇಳಿಜಾರಿನಲ್ಲಿ ಅದನ್ನು ತಡೆದು ನಿಲ್ಲಿಸಿದ ಬಲ ಯಾವುದು, ಪಕ್ಕಕ್ಕೆ ವಾಲಿದಾಗ ಅದನ್ನು ಉರುಳದಂತೆ ಕಾಯ್ದುದು ಯಾವುದು ಎಂಬ ಪ್ರಶ್ನೆಗಳು ಸಂಶೋಧಕರ ಲಕ್ಷ್ಯವನ್ನು ಅಷ್ಟಾಗಿ ಸೆಳೆದಿಲ್ಲ.

ಪ್ರಸ್ತುತ ಲೇಖನದಲ್ಲಿ ನಾವು ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ದುಮ್ಮವಾಡವನ್ನೂ ಅದರ ಸುತ್ತಲಿನ ಸೀಮೆಯನ್ನೂ ನಡುವಿಟ್ಟುಕೊಂಡು ಈ ಪ್ರಶ್ನೆಗಳನ್ನು ವಿವೇಚಿಸಬೇಕೆಂದಿದ್ದೇವೆ. ವಾಹನವು ಯಾವುದೇ ಆಗಿರಲಿ, ಅದಕ್ಕೆ ಮೂರು ಧರ್ಮಗಳುಂಟು. ಮುಂದೆ ಸಾಗುವುದು ಒಂದು, ಬೇಕಾದಾಗ ನಿಲ್ಲುವುದು ಎರಡನೆಯದು, ಸಾಗುವಾಗಲೂ ನಿಲ್ಲುವಾಗಲೂ ದಾರಿ ತಪ್ಪದೆ, ಮಗುಚದೆ ಇರುವುದು ಮೂರನೆಯದು. ಇವುಗಳನ್ನು ಕ್ರಮವಾಗಿ ಚಾಲನೆ, ತಡೆ, ಸಮತೋಲ ಎಂದು ಕರೆಯೋಣ. ಒಳ್ಳೆಯ ರಸ್ತೆಯ ಮೇಲೆ ಇವು ಮೂರೂ ಸುಲಭ. ಏಕೆಂದರೆ ಆ ಕೆಲಸದ ಬಹುಭಾಗವನ್ನು ರಸ್ತೆಯೇ ಮಾಡಿಕೊಡುತ್ತದೆ. ರಸ್ತೆ ಮುಗಿದಲ್ಲಿ ಇವುಗಳ ನಿಜವಾದ ಪರೀಕ್ಷೆ ತೊಡಗುತ್ತದೆ. ಈ ಮೂರು ಧರ್ಮಗಳ ಹೊಣೆಯನ್ನು ಎತ್ತು, ಮನುಷ್ಯ, ಯಂತ್ರ ಇವರಲ್ಲಿ ಯಾರು ಯಾವ ಕಾಲದಲ್ಲಿ ಹೊತ್ತರು, ಆ ಹೊಣೆ ಒಬ್ಬರಿಂದ ಒಬ್ಬರಿಗೆ ದಾಟುವಾಗ ಏನು ಉಳಿಯಿತು, ಏನು ಕಳೆಯಿತು ಎಂಬುದೇ ನಮ್ಮ ವಿಚಾರದ ತಿರುಳು.

೨

ಮೊದಲು ನೆಲದ ಸ್ವರೂಪವನ್ನು ತಿಳಿಯಬೇಕು. ಧಾರವಾಡ ಜಿಲ್ಲೆ ನಿಸರ್ಗದಿಂದಲೇ ಎರಡು ಪಾಲಾಗಿದೆ. ಪೂರ್ವದ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆಗೆ ಬೆಳವಲದ ಎರೆಭೂಮಿ ಚಾಪೆ ಹಾಸಿದಂತೆ ಹಬ್ಬಿದೆ. ಪಶ್ಚಿಮದ ಕಲಘಟಗಿಯ ಕಡೆಗೆ ಮಲೆನಾಡಿನ ಸೆರಗು. ಅಲ್ಲಿ ಏರು ತಗ್ಗುಗಳು, ಕೆಂಪು ಮಸಾರಿ, ಬತ್ತದ ಗದ್ದೆ, ಕುರುಚಲು ಕಾಡು. ನೀರು ಕೂಡ ಈ ಭೇದವನ್ನು ಒಪ್ಪಿಕೊಂಡಂತಿದೆ. ಬೆಣ್ಣಿಹಳ್ಳವು ಎರೆಯ ಸೀಮೆಯಲ್ಲಿ ಹರಿದು ಉತ್ತರಕ್ಕೆ ಮಲಪ್ರಭೆಯನ್ನು ಸೇರಿ ಕಡೆಗೆ ಪೂರ್ವ ಸಮುದ್ರದ ಪಾಲಾಗುತ್ತದೆ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯ ನೀರು ಕಲಘಟಗಿ ಸೀಮೆಯ ಬೇಡ್ತಿಯನ್ನು ಕೂಡಿ, ಮುಂದೆ ಗಂಗಾವಳಿಯೆಂಬ ಹೆಸರಿನಿಂದ ಪಶ್ಚಿಮ ಸಮುದ್ರವನ್ನು ಸೇರುತ್ತದೆ. ದುಮ್ಮವಾಡದ ಸೀಮೆ ಈ ಎರಡು ನಾಡುಗಳ ಸಂಧಿಯಲ್ಲಿದೆ. ಇಲ್ಲಿಯ ಒಕ್ಕಲಿಗನ ಬಂಡಿ ಎರೆಯ ಕೆಸರನ್ನೂ ಬಲ್ಲದು, ದಿನ್ನೆಯ ಇಳಿಜಾರನ್ನೂ ಬಲ್ಲದು.

ಎರೆಮಣ್ಣಿನ ಗುಣ ವಿಚಿತ್ರವಾದುದು. ಅದರಲ್ಲಿಯ ಜೇಡಿಯ ಕಣಗಳು ನೀರನ್ನು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಆದ್ದರಿಂದಲೇ ಬೇಸಗೆಯಲ್ಲಿ ಕೈ ಹೋಗುವಷ್ಟು ಅಗಲದ ಬಿರುಕುಗಳು. ಒಣಗಿದ ಎರೆಯ ಮೇಲೆ ಗಾಡಿ ಕಲ್ಲುಹಾಸಿನ ಮೇಲೆ ಹೋದಂತೆ ಹೋಗುತ್ತದೆ. ಒಂದು ದೊಡ್ಡ ಮಳೆ ಬಿದ್ದಿತೆಂದರೆ ಅದೇ ನೆಲ ಗಾಲಿಗೆ ಮೆತ್ತಿಕೊಂಡು, ಅರಗಳ ನಡುವೆ ತುಂಬಿಕೊಂಡು, ಗಾಲಿಯನ್ನು ಗಾಲಿಯಾಗಿ ಉಳಿಯಗೊಡುವುದಿಲ್ಲ. ಮೇಲ್ಪದರವು ಜಾರುತ್ತದೆ, ಒಳಪದರವು ಹಿಡಿದುಕೊಳ್ಳುತ್ತದೆ. ಮುಂದೆ ಸಾಗಲು ಬೇಕಾದ ಹಿಡಿತವೂ ಇಲ್ಲ, ಸುಲಭವಾಗಿ ಉರುಳಲು ಬೇಕಾದ ಗಟ್ಟಿತನವೂ ಇಲ್ಲ. ಮಸಾರಿಯ ದಾರಿಯ ತೊಂದರೆ ಬೇರೆ ತೆರನಾದುದು. ಅಲ್ಲಿ ನೀರು ಬೇಗ ಬಸಿದು ಹೋಗುತ್ತದೆ. ಆದರೆ ಹರಿದ ನೀರು ದಾರಿಯನ್ನು ಕೊರೆದು ಕೊರಕಲು ಮಾಡುತ್ತದೆ. ಒಂದು ಗಾಲಿ ದಿಬ್ಬದ ಮೇಲೆ, ಇನ್ನೊಂದು ಕೊರಕಲಿನಲ್ಲಿ. ಎರೆಯು ಚಾಲನೆಯ ಶತ್ರುವಾದರೆ ಕೊರಕಲು ಸಮತೋಲದ ಶತ್ರು ಎನ್ನಬಹುದು.

೩

ಇಂಥ ನೆಲದಲ್ಲಿ ಪ್ರಾಚೀನರು ಗಾಲಿಯನ್ನು ಹೆಚ್ಚಾಗಿ ನಂಬಲಿಲ್ಲವೆಂಬುದು ಗಮನಾರ್ಹ. ನಮ್ಮ ಶಾಸನಗಳಲ್ಲಿ ಸುಂಕದ ಲೆಕ್ಕವನ್ನು ಹೇಳುವಾಗ ಭಂಡಿಯ ಜೊತೆಗೆ ಪೇಱು, ಅಂದರೆ ಎತ್ತು ಕೋಣ ಕತ್ತೆಗಳ ಬೆನ್ನಿನ ಹೊರೆ, ಮತ್ತೆ ಮತ್ತೆ ಬರುತ್ತದೆ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಜ ಪ್ರವಾಸಿ ಡೊಮಿಂಗೊ ಪಾಯಸನು ಭಟ್ಕಳದಿಂದ ಒಳನಾಡಿಗೆ ಸರಕನ್ನು ಸಾಗಿಸುವ ಹೇರೆತ್ತುಗಳ ದೊಡ್ಡ ಹಿಂಡುಗಳನ್ನು ವರ್ಣಿಸಿದ್ದಾನೆ. ಹೇರೆತ್ತಿಗೆ ರಸ್ತೆ ಬೇಡ. ಅದರ ನಾಲ್ಕು ಕಾಲುಗಳೂ ಬೇರೆ ಬೇರೆಯಾಗಿ ನೆಲವನ್ನು ನೋಡಿ ಹೆಜ್ಜೆಯಿಡುತ್ತವೆ. ಒಂದು ಕಾಲು ಜಾರಿದರೆ ಮೂರು ಕಾಲುಗಳು ಹಿಡಿಯುತ್ತವೆ. ಚಾಲನೆ, ತಡೆ, ಸಮತೋಲಗಳು ಮೂರೂ ಒಂದೇ ಪ್ರಾಣಿಯ ಮೈಯಲ್ಲಿ ಕೂಡಿಕೊಂಡಿದ್ದ ಕಾಲವದು. ಆದರೆ ಒಂದು ಎತ್ತು ಬೆನ್ನ ಮೇಲೆ ಹೊರುವುದಕ್ಕಿಂತ ಹಲವು ಪಾಲು ಹೆಚ್ಚಿನ ಭಾರವನ್ನು ಗಾಲಿಯ ಮೇಲೆ ಎಳೆಯಬಲ್ಲದು. ಸರಕು ಹೆಚ್ಚಿದಂತೆ ಗಾಲಿ ಅನಿವಾರ್ಯವಾಯಿತು.

ಚಕ್ಕಡಿಯ ರಚನೆಯನ್ನು ಯಂತ್ರಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಹೊಣೆ ಹೇಗೆ ಹಂಚಿಕೆಯಾಗಿದೆ ಎಂಬುದು ಸ್ಪಷ್ಟವಾಗುತ್ತದೆ. ಚಾಲನೆ ಎತ್ತಿನ ಹೆಗಲಿನದು. ಅದು ನೊಗದ ಮೂಲಕ ಮೂಕಿಗೂ ಅಲ್ಲಿಂದ ಅಚ್ಚಿಗೂ ಬರುತ್ತದೆ. ಗಾಲಿಯು ಕೇವಲ ಉರುಳುತ್ತದೆ, ನೆಲವನ್ನು ತಳ್ಳುವುದಿಲ್ಲ. ಆದ್ದರಿಂದ ಕೆಸರಿನಲ್ಲಿ ಚಕ್ಕಡಿಯ ಗಾಲಿ ಎಂದೂ ಇದ್ದಲ್ಲಿಯೇ ಗಿರಗಿರನೆ ತಿರುಗಿ ಗುಂಡಿ ತೋಡುವುದಿಲ್ಲ. ಹಿಡಿತವೆಲ್ಲ ಎತ್ತಿನ ಗೊರಸಿನದು. ಸಮತೋಲವು ಹೇರುವವನ ಕೈಯಲ್ಲಿದೆ. ಎರಡೇ ಗಾಲಿಗಳ ಮೇಲೆ ನಿಂತ ಬಂಡಿಯಾದುದರಿಂದ ಭಾರ ಹಿಂದಾದರೆ ಮೂಕಿ ಎದ್ದು ಎತ್ತಿನ ಕೊರಳನ್ನು ಬಿಗಿಯುತ್ತದೆ. ಮುಂದಾದರೆ ಹೆಗಲು ಕುಸಿಯುತ್ತದೆ. ಪಕ್ಕದ ಸಮತೋಲವೂ ಹಾಗೆಯೇ. ಗಾಲಿಗಳ ನಡುವಿನ ಅಂತರ ೫ ಅಡಿ, ಹೇರಿನ ಭಾರಕೇಂದ್ರ ನೆಲದಿಂದ ೩ ಅಡಿ ಎತ್ತರ ಎಂದು ಹಿಡಿದರೆ, ನಿಂತ ಬಂಡಿ ಸುಮಾರು ೪೦ ಅಂಶ ವಾಲುವವರೆಗೆ ಮಗುಚುವುದಿಲ್ಲ. ಹತ್ತಿ ಅಥವಾ ಮೇವನ್ನು ಎತ್ತರಕ್ಕೆ ಒಟ್ಟಿ ಭಾರಕೇಂದ್ರವನ್ನು ೫ ಅಡಿಗೆ ಏರಿಸಿದರೆ ಅದೇ ಬಂಡಿ ೨೭ ಅಂಶಕ್ಕೆ ಮೊದಲೇ ಮಗುಚುತ್ತದೆ. ಈ ಲೆಕ್ಕವನ್ನು ಯಾರೂ ಹಾಳೆಯ ಮೇಲೆ ಮಾಡಿರಲಿಕ್ಕಿಲ್ಲ. ಆದರೆ ಹೇರಿದವರೆಲ್ಲರಿಗೂ ಅದು ಗೊತ್ತಿತ್ತು.

ಉಳಿದುದು ತಡೆ. ಬಯಲು ಸೀಮೆಯ ಚಕ್ಕಡಿಗೆ ಸಾಮಾನ್ಯವಾಗಿ ಬ್ರೇಕು ಎಂಬ ಅಂಗವೇ ಇರಲಿಲ್ಲ. ಇಳಿಜಾರಿನಲ್ಲಿ ಹೊಡೆಯುವವನು ಮೂಗುದಾರವನ್ನು ಬಿಗಿಹಿಡಿಯುತ್ತಾನೆ. ಎತ್ತುಗಳು ಹಿಂಗಾಲೂರಿ, ತಲೆಯೆತ್ತಿ, ಹಿಂದಿನಿಂದ ನುಗ್ಗಿಬರುವ ಭಾರವನ್ನು ನೊಗದ ಮೂಲಕ ತಮ್ಮ ಕೊರಳಿನಲ್ಲಿ ತಾಳಿಕೊಳ್ಳುತ್ತವೆ. ೧,೦೦೦ ಕಿಲೋಗ್ರಾಂ ತೂಕದ ಬಂಡಿ ೨೦ಕ್ಕೆ ೧ರ ಇಳಿಜಾರಿನಲ್ಲಿದ್ದರೆ ಕೆಳಮುಖವಾಗಿ ಎಳೆಯುವ ಬಲ ೫೦ ಕಿಲೋಗ್ರಾಂ ತೂಕದಷ್ಟು. ೧೦ಕ್ಕೆ ೧ರ ಇಳಿಜಾರಿನಲ್ಲಿ ಅದರ ಇಮ್ಮಡಿ. ಗಾಲಿಯ ಸವೆತದ ತಡೆ ಇದರಲ್ಲಿ ಒಂದಂಶವನ್ನು ಕಳೆಯುತ್ತದೆ. ಉಳಿದುದನ್ನೆಲ್ಲ ಎರಡು ಎತ್ತುಗಳ ಕೊರಳು ಹೊರಬೇಕು. ಅಂದರೆ ಎತ್ತು ಬಂಡಿಯ ಎಂಜಿನ್ನಷ್ಟೇ ಅಲ್ಲ, ಅದರ ಬ್ರೇಕೂ ಆಗಿತ್ತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದಿನ ಇತಿಹಾಸವನ್ನು ತಿಳಿಯಲು ಇದೇ ಕೀಲಿಕೈ.

ಇನ್ನೂ ಒಂದು ಸೂಕ್ಷ್ಮವುಂಟು. ಬಂಡಿಯನ್ನು ಎಡಕ್ಕೆ ತಿರುಗಿಸಬೇಕಾದಾಗ ಹೊಡೆಯುವವನು ಎಡದೆತ್ತನ್ನು ತಡೆದು ಬಲದೆತ್ತನ್ನು ಮುಂದಕ್ಕೆ ಬಿಡುತ್ತಾನೆ. ಒಂದು ಪಕ್ಕಕ್ಕೆ ತಡೆ, ಇನ್ನೊಂದು ಪಕ್ಕಕ್ಕೆ ಚಾಲನೆ. ಈ ಭೇದದಿಂದಲೇ ದಿಕ್ಕು ಹುಟ್ಟುತ್ತದೆ. ಕೆಸರಿನಲ್ಲಿ ಒಂದು ಗಾಲಿ ಹೂತಾಗಲೂ ಇದೇ ಉಪಾಯ. ಎರಡು ಪಕ್ಕಗಳನ್ನು ಬೇರೆ ಬೇರೆಯಾಗಿ ತಡೆಯುವ ಈ ತತ್ತ್ವವನ್ನು ನಾವು ‘ಭಿನ್ನತಡೆ’ ಎಂದು ಕರೆಯುತ್ತೇವೆ.

೪

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಚಕ್ಕಡಿಯ ಮೇಲೆ ಹಿಂದೆಂದೂ ಇಲ್ಲದ ಭಾರ ಬಿದ್ದಿತು. ೧೮೧೮ರಲ್ಲಿ ಪೇಶವೆಯರ ಆಳಿಕೆ ಮುಗಿದು ಈ ಸೀಮೆ ಇಂಗ್ಲೀಷರ ವಶವಾಯಿತು. ೧೮೪೦ರ ದಶಕದಲ್ಲಿ ಧಾರವಾಡ ಜಿಲ್ಲೆಯ ಎರೆಯಲ್ಲಿ ಅಮೇರಿಕದ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿಯನ್ನು ಬಿತ್ತುವ ಪ್ರಯತ್ನಗಳು ನಡೆದು, ಭಾರತದ ಬೇರೆಡೆಗಳಲ್ಲಿ ಕೈಗೂಡದ ಆ ಬೆಳೆ ಇಲ್ಲಿ ನೆಲೆಯೂರಿತು. ಮುಂದೆ ಅದಕ್ಕೆ ಧಾರವಾಡ-ಅಮೇರಿಕನ್ ಎಂಬ ಹೆಸರೇ ಬಂದಿತು. ೧೮೬೧ರಿಂದ ೧೮೬೫ರವರೆಗೆ ಅಮೇರಿಕದಲ್ಲಿ ನಡೆದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಧಾರವಾಡದ ಹತ್ತಿಗೆ ಬೆಲೆ ಏರಿತು. ಈ ಹತ್ತಿ ಹೋಗಬೇಕಾದುದು ಪಶ್ಚಿಮಕ್ಕೆ, ಘಟ್ಟವನ್ನಿಳಿದು ಕುಮಟೆಯ ಬಂದರಕ್ಕೆ. ಬೆಳೆಯುವ ನಾಡು ಮುಂಬಯಿ ಇಲಾಖೆಯಲ್ಲಿ, ಸಾಗಿಸುವ ಕರಾವಳಿ ಮದ್ರಾಸು ಇಲಾಖೆಯಲ್ಲಿ ಇದ್ದುದರ ತೊಡಕು ಎಷ್ಟಾಯಿತೆಂದರೆ ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮುಂಬಯಿಗೆ ಸೇರಿಸಿದರು. ಒಂದು ಜಿಲ್ಲೆಯ ಗಡಿಯನ್ನು ಬಂಡಿಯ ಗಾಲಿ ಎಳೆದುಕೊಂಡು ಹೋಯಿತೆಂದರೆ ಅತಿಶಯೋಕ್ತಿಯಾಗಲಾರದು.

ಅದೇ ಅವಧಿಯಲ್ಲಿ ಗಾಡಿಯ ರೂಪವೂ ಬದಲಾಗುತ್ತಿತ್ತು. ೧೮೩೦ರ ದಶಕದಲ್ಲಿ ದಖ್ಖಣದ ಭೂಮಾಪನ ಇಲಾಖೆಯಲ್ಲಿದ್ದ ಲೆಫ್ಟಿನೆಂಟ್ ಗೇಯ್ಸ್‌ಫರ್ಡನು ಸೊಲ್ಲಾಪುರದ ಕಡೆಯ ಟೆಂಭುರ್ಣಿಯಲ್ಲಿ ಹಗುರಾದ ಗಾಡಿಗಳನ್ನು ಮಾಡಿಸುವ ಕಾರಖಾನೆಯನ್ನು ನಡೆಸಿದನು. ಇಡೀ ಮರದ ಅಥವಾ ಕಲ್ಲಿನ ಗಾಲಿಯ ಭಾರದ ಬಂಡಿಗಳ ಸ್ಥಾನದಲ್ಲಿ ಅರಗಳುಳ್ಳ, ಕಬ್ಬಿಣದ ಹಳಿ ಹೊಡೆದ ಗಾಲಿಗಳು ಹಬ್ಬತೊಡಗಿದವು. ಹಗುರಾದ ಗಾಲಿ ಚಾಲನೆಗೆ ಒಳ್ಳೆಯದೇ. ಆದರೆ ಸುಲಭವಾಗಿ ಉರುಳುವ ಗಾಲಿ ಇಳಿಜಾರಿನಲ್ಲಿಯೂ ಸುಲಭವಾಗಿಯೇ ಉರುಳುತ್ತದೆ. ಚಾಲನೆಯಲ್ಲಿ ಗಳಿಸಿದುದನ್ನು ತಡೆಯಲ್ಲಿ ತೆರಬೇಕು ಎಂಬ ನಿಯಮವು ಇಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತದೆ.

ಸಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲು ಘಟ್ಟ ಇವುಗಳಲ್ಲಿ ಎತ್ತಿನ ಕೊರಳೊಂದನ್ನೇ ನಂಬುವುದು ಸಾಧ್ಯವಿರಲಿಲ್ಲ. ಘಟ್ಟದ ಗಾಡಿಗಳಲ್ಲಿ ಮರದ ತುಂಡನ್ನು ಗಾಲಿಯ ಹಳಿಗೆ ಹಗ್ಗದಿಂದ ಒತ್ತಿಹಿಡಿಯುವುದು, ಗಾಲಿಯನ್ನು ಕಟ್ಟಿ ತಿರುಗದಂತೆ ಮಾಡಿ ಎಳೆಸುವುದು, ಹಿಂದುಗಡೆ ದಿಮ್ಮಿಯನ್ನು ಕಟ್ಟಿ ನೆಲಕ್ಕೆ ತಿಕ್ಕುತ್ತ ಇಳಿಯುವುದು ಮುಂತಾದ ಉಪಾಯಗಳು ಘಟ್ಟಪ್ರದೇಶಗಳಲ್ಲೆಲ್ಲ ಬಳಕೆಯಲ್ಲಿದ್ದವು. ಇವುಗಳಲ್ಲಿ ಗಾಲಿಯನ್ನು ಕಟ್ಟುವ ಉಪಾಯದಿಂದ ಒಂದು ಅಪಾಯವೂ ಒದಗುತ್ತದೆ. ತಿರುಗುವುದನ್ನು ನಿಲ್ಲಿಸಿದ ಗಾಲಿ ಜಾರುಬಂಡೆಯಂತಾಗುತ್ತದೆ. ಅದು ಮುಂದಕ್ಕೂ ಜಾರಬಲ್ಲದು, ಪಕ್ಕಕ್ಕೂ ಜಾರಬಲ್ಲದು. ತಡೆಯನ್ನು ಅತಿಮಾಡಿದರೆ ಸಮತೋಲ ಹೋಗುತ್ತದೆ. ಇಪ್ಪತ್ತನೆಯ ಶತಮಾನದ ಇಂಜಿನಿಯರರು ಬಿಡಿಸಬೇಕಾದ ಒಗಟು ಘಟ್ಟದ ಗಾಡಿಕಾರನ ಎದುರಿಗೇ ಇದ್ದಿತೆಂದು ಇದರಿಂದ ತಿಳಿಯುತ್ತದೆ.

೧೮೮೮ರಲ್ಲಿ ಕ್ಯಾಸಲ್‌ರಾಕಿನ ಮಾರ್ಗವಾಗಿ ಮಾರ್ಮಗೋವೆಯ ಬಂದರದವರೆಗೆ ರೈಲು ತೆರವಾದ ಮೇಲೆ ಹತ್ತಿಯ ಬಂಡಿಗಳು ಘಟ್ಟವನ್ನು ಬಿಟ್ಟು ಹುಬ್ಬಳ್ಳಿಯ ನಿಲ್ದಾಣದ ಕಡೆಗೆ ಮುಖ ಮಾಡಿದವು. ದೂರದ ಪ್ರಯಾಣ ರೈಲಿನ ಪಾಲಾಯಿತು. ಹೊಲದಿಂದ ಊರಿಗೆ, ಊರಿನಿಂದ ಪೇಟೆಗೆ ಹೋಗುವ ಹಾದಿಯಿಲ್ಲದ ಹಾದಿ ಮಾತ್ರ ಚಕ್ಕಡಿಯ ಪಾಲಿಗೆ ಉಳಿಯಿತು.

೫

ಮುಂದಿನ ನೂರು ವರ್ಷಗಳಲ್ಲಿ ಚಕ್ಕಡಿಗೆ ಒದಗಿದ ದೊಡ್ಡ ಮಾರ್ಪಾಡೆಂದರೆ ಗಾಳಿ ತುಂಬಿದ ರಬ್ಬರ್ ಟಯರು. ಅಗಲವಾದ ಮೆತ್ತನೆಯ ಟಯರು ನೆಲವನ್ನು ಸೀಳದೆ ಅದರ ಮೇಲೆ ಹಾಸಿಕೊಂಡು ಹೋಗುವುದರಿಂದ ಎತ್ತಿನ ಶ್ರಮ ಕಡಿಮೆಯಾಯಿತು, ಹೇರು ಹೆಚ್ಚಿತು. ಆದರೆ ಹೆಚ್ಚಿದ ಹೇರನ್ನು ತಡೆಯುವ ಹೊಣೆ ಮಾತ್ರ ಮೊದಲಿನಂತೆ ಎತ್ತಿನ ಕೊರಳಿನ ಮೇಲೆಯೇ ಉಳಿಯಿತು. ೧೯೭೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವ್ಯವಸ್ಥಾಪನ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಆ ದಶಕದಲ್ಲಿ ಎತ್ತಿನ ಗಾಡಿಯನ್ನೇ ಅಧ್ಯಯನದ ವಿಷಯವನ್ನಾಗಿ ಎತ್ತಿಕೊಂಡು, ದೇಶದಲ್ಲಿ ಕೋಟಿಗೂ ಮೀರಿದ ಗಾಡಿಗಳಿರುವಾಗ ಅವುಗಳ ನೊಗ, ಗಾಲಿ, ತಡೆಗಳ ಸುಧಾರಣೆಯನ್ನು ಯಾರೂ ಲಕ್ಷಿಸದಿರುವುದನ್ನು ಎತ್ತಿ ತೋರಿಸಿದರು. ವಿದ್ವಾಂಸರು ಹಲವರು ಆಗ ಅದನ್ನು ಹಿಂದೆ ನೋಡುವ ಕೆಲಸವೆಂದು ತಿಳಿದಿದ್ದರೆ ಆಶ್ಚರ್ಯವಿಲ್ಲ. ಇಂದು ನೋಡಿದರೆ, ತಡೆಯ ಪ್ರಶ್ನೆಯನ್ನು ಅದು ಹುಟ್ಟಿದ ಸ್ಥಳದಲ್ಲಿಯೇ ಹಿಡಿದವರು ಅವರು ಎಂದು ಹೇಳಬೇಕಾಗುತ್ತದೆ.

೬

ಯಂತ್ರವಾಹನವು ಹಾದಿಯನ್ನು ಬಿಟ್ಟು ಹೊರಬಿದ್ದ ಕಥೆಯಲ್ಲಿ ಜೀಪಿನದು ಮೊದಲ ಸ್ಥಾನ. ಅಮೇರಿಕದ ಸೇನೆಗಾಗಿ ೧೯೪೦ರಲ್ಲಿ ಮಾದರಿ ಸಿದ್ಧವಾಗಿ, ೧೯೪೧ರಿಂದ ಯುದ್ಧ ಮುಗಿಯುವವರೆಗೆ ಆರು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ಗಾಡಿ, ೧೯೪೭ರಿಂದ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆಯವರ ಕೈಯಲ್ಲಿ ಬಿಡಿಭಾಗಗಳಿಂದ ಜೋಡಣೆಯಾಗತೊಡಗಿತು. ಧಾರವಾಡ ಜಿಲ್ಲೆ ೧೯೫೬ರ ನವೆಂಬರ ೧ರವರೆಗೆ ಮುಂಬಯಿ ರಾಜ್ಯದಲ್ಲಿಯೇ ಇತ್ತು. ೧೯೫೨ರ ಅಕ್ಟೋಬರ ೨ರಂದು ದೇಶದಲ್ಲಿ ಸಮುದಾಯ ವಿಕಾಸ ಯೋಜನೆ ಪ್ರಾರಂಭವಾದ ಮೇಲೆ ಸರಕಾರವು ಹಳ್ಳಿಗೆ ಬರುತ್ತಿದ್ದುದು ಬಹುಮಟ್ಟಿಗೆ ಜೀಪಿನಲ್ಲಿ.

ಜೀಪಿನ ವಿಶೇಷವಿಷ್ಟು. ಎಂಜಿನ್ನಿನ ಬಲ ಬೇಕಾದಾಗ ನಾಲ್ಕೂ ಗಾಲಿಗಳಿಗೆ ಹೋಗುತ್ತದೆ. ಮುಖ್ಯ ಗಿಯರುಗಳ ಹಿಂದೆ ಇನ್ನೊಂದು ಗಿಯರಿನ ಪೆಟ್ಟಿಗೆಯಿದ್ದು, ಅದನ್ನು ಕೆಳಮಟ್ಟಕ್ಕೆ ಹಾಕಿದಾಗ ವೇಗ ಅರ್ಧಕ್ಕಿಳಿದು ಎಳೆಯುವ ಬಲ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಎತ್ತಿನ ನಾಲ್ಕು ಕಾಲುಗಳ ಗುಣವನ್ನು ಯಂತ್ರವು ಮರಳಿ ಪಡೆಯಲು ಮಾಡಿದ ಪ್ರಯತ್ನವಿದು. ಇಳಿಜಾರಿನಲ್ಲಿ ಇದೇ ಕೆಳಗಿಯರು ತಡೆಯೂ ಆಗುತ್ತದೆ. ಬ್ರೇಕನ್ನು ಒತ್ತದೆ, ಎಂಜಿನ್ನಿನ ಒಳಗಿನ ತಡೆಯಿಂದಲೇ ಗಾಡಿ ಮೆಲ್ಲಗೆ ಇಳಿಯುತ್ತದೆ. ಗಾಲಿ ತಿರುಗುತ್ತಲೇ ಇರುವುದರಿಂದ ಜಾರುವ ಭಯ ಕಡಿಮೆ. ಹಿಂಗಾಲೂರಿ ಇಳಿಯುವ ಎತ್ತಿಗೆ ಇದಕ್ಕಿಂತ ಹತ್ತಿರದ ಹೋಲಿಕೆಯಿಲ್ಲ.

ಜೀಪಿನ ಕೊರತೆಗಳನ್ನೂ ಹೇಳಬೇಕು. ತಿರುವಿನಲ್ಲಿ ಒಳಗಿನ ಗಾಲಿ ಕಡಿಮೆ, ಹೊರಗಿನ ಗಾಲಿ ಹೆಚ್ಚು ತಿರುಗಬೇಕಾದುದರಿಂದ ಅಚ್ಚಿನ ನಡುವೆ ‘ಡಿಫರೆನ್ಶಿಯಲ್’ ಎಂಬ ಹಲ್ಲುಗಾಲಿಗಳ ಜೋಡಣೆ ಇರುತ್ತದೆ. ಅದರ ಸ್ವಭಾವವೆಂದರೆ ಎರಡೂ ಗಾಲಿಗಳಿಗೆ ಸಮನಾದ ಬಲವನ್ನು ಕೊಡುವುದು. ಒಂದು ಗಾಲಿ ಎರೆಯ ರಾಡಿಯಲ್ಲಿ ಸಿಕ್ಕು ಬರಿದೇ ತಿರುಗತೊಡಗಿದರೆ ಅದು ತಾಳಬಲ್ಲ ಅಲ್ಪ ಬಲದಷ್ಟೇ ಗಟ್ಟಿನೆಲದ ಗಾಲಿಗೂ ದೊರೆಯುತ್ತದೆ, ಗಾಡಿ ನಿಲ್ಲುತ್ತದೆ. ಹಳ್ಳ ದಾಟಿದ ಮೇಲೆ ಬ್ರೇಕಿನ ಡ್ರಮ್ಮುಗಳಲ್ಲಿ ನೀರು ತುಂಬಿ ಬ್ರೇಕು ಹಿಡಿಯದೆ ಹೋಗುತ್ತದೆ. ತುಸುದೂರ ಬ್ರೇಕನ್ನು ಮೆಲ್ಲಗೆ ಒತ್ತುತ್ತ ಹೋಗಿ ಒಣಗಿಸಬೇಕು. ಗಾಲಿಗಳ ನಡುವಿನ ಅಡ್ಡ ಅಂತರ ಸುಮಾರು ೪೯ ಅಂಗುಲ, ಹಿಂದುಮುಂದಿನ ಅಚ್ಚುಗಳ ಅಂತರ ೮೦ ಅಂಗುಲ ಮಾತ್ರವಾದುದರಿಂದ ಕೊರಕಲಿನಲ್ಲಿ ಅಡ್ಡಲಾಗಿ ನಡೆಸಿದರೆ ಮಗುಚುವುದು ಕಷ್ಟವಲ್ಲ. ಇವೆಲ್ಲವನ್ನೂ ಸರಿತೂಗಿಸುತ್ತಿದ್ದುದು ಚಾಲಕನ ಅನುಭವ. ಹೊಣೆಯು ಎತ್ತಿನಿಂದ ಮನುಷ್ಯನಿಗೆ ದಾಟಿತು ಎನ್ನಬೇಕು.

೭

ಆದರೆ ಈ ಸೀಮೆಯಲ್ಲಿ ಎತ್ತಿನ ಸ್ಥಾನವನ್ನು ಪಡೆದುದು ಜೀಪಲ್ಲ, ಟ್ರ್ಯಾಕ್ಟರು. ಟ್ರ್ಯಾಕ್ಟರಿನ ಸಮತೋಲದ ಪ್ರಶ್ನೆಗೆ ಉತ್ತರ ಕಂಡವನು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ಹಳೆಯ ಟ್ರ್ಯಾಕ್ಟರಿನ ಹಿಂದೆ ಸರಪಳಿಯಿಂದ ಕಟ್ಟಿದ ನೇಗಿಲು ಬಂಡೆಗೆ ತಾಗಿ ನಿಂತರೆ, ಹಿಂದಿನ ಗಾಲಿ ತಿರುಗಲಾರದೆ ಟ್ರ್ಯಾಕ್ಟರಿನ ಮುಂಭಾಗವೇ ಮೇಲೆದ್ದು ಚಾಲಕನ ಮೇಲೆ ಬೀಳುತ್ತಿತ್ತು. ನೇಗಿಲನ್ನು ಮೂರು ಕೊಂಡಿಗಳಿಂದ ಟ್ರ್ಯಾಕ್ಟರಿಗೆ ಜೋಡಿಸಿ, ಎಣ್ಣೆಯ ಒತ್ತಡದಿಂದ ಅದನ್ನು ಎತ್ತಿಳಿಸುವ ಏರ್ಪಾಡನ್ನು ಅವನು ರೂಪಿಸಿದನು. ಇದರಿಂದ ನೇಗಿಲಿನ ಭಾರ ಹಿಂದಿನ ಗಾಲಿಗಳ ಮೇಲೆ ಬಂದು ಹಿಡಿತ ಹೆಚ್ಚಿತು. ಅಡ್ಡಿ ಬಂದಾಗ ಮೇಲಿನ ಕೊಂಡಿಯು ಮುಂದಿನ ಗಾಲಿಗಳನ್ನು ನೆಲಕ್ಕೆ ಒತ್ತಿ ಟ್ರ್ಯಾಕ್ಟರು ಏಳದಂತೆ ತಡೆಯಿತು. ೧೯೪೬ರಲ್ಲಿ ಬಂದ ಅವನ ಟಿಇ-೨೦ ಟ್ರ್ಯಾಕ್ಟರು ಲೋಕಪ್ರಸಿದ್ಧವಾಯಿತು. ೧೯೬೦ರಲ್ಲಿ ಮದ್ರಾಸಿನಲ್ಲಿ ಸ್ಥಾಪಿತವಾದ ಟಾಫೆ ಸಂಸ್ಥೆಯಿಂದ ಅದರ ವಂಶದ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳು ನಮ್ಮಲ್ಲಿಯೂ ಹರಡಿದವು.

ಟ್ರ್ಯಾಕ್ಟರಿನ ಬ್ರೇಕಿನಲ್ಲಿ ನಮ್ಮ ವಿಚಾರಕ್ಕೆ ಪೋಷಕವಾದ ಒಂದು ಸಂಗತಿಯಿದೆ. ಅದರ ಹಿಂದಿನ ಎಡ, ಬಲ ಗಾಲಿಗಳಿಗೆ ಬೇರೆ ಬೇರೆ ಬ್ರೇಕುಗಳೂ ಬೇರೆ ಬೇರೆ ಪೆಡಲುಗಳೂ ಉಂಟು. ಹೊಲದ ತುದಿಯಲ್ಲಿ ಎಡಕ್ಕೆ ತಿರುಗಿಸಲು ಎಡದ ಪೆಡಲನ್ನಷ್ಟೇ ಒತ್ತುತ್ತಾರೆ. ರಾಡಿಯಲ್ಲಿ ಒಂದು ಗಾಲಿ ಬರಿದೇ ತಿರುಗಿದಾಗ ಆ ಪಕ್ಕದ ಪೆಡಲನ್ನು ಮೆಲ್ಲಗೆ ಒತ್ತಿದರೆ ಬಲವು ಎದುರು ಗಾಲಿಗೆ ದಾಟುತ್ತದೆ. ಎಡದೆತ್ತನ್ನು ತಡೆದು ಬಲದೆತ್ತನ್ನು ಬಿಡುವ ಚಕ್ಕಡಿಯವನ ಭಿನ್ನತಡೆಯೇ ಇದಲ್ಲದೆ ಬೇರೆಯಲ್ಲ. ಮೂಗುದಾರದಿಂದ ಪೆಡಲಿಗೆ ಬಂದ ಈ ತತ್ತ್ವವು ರಸ್ತೆಯ ಮೇಲೆ ಮಾತ್ರ ಅಪಾಯಕಾರಿ. ಅಲ್ಲಿ ಎರಡೂ ಪೆಡಲುಗಳನ್ನು ಕೊಂಡಿ ಹಾಕಿ ಒಂದು ಮಾಡದಿದ್ದರೆ, ವೇಗದಲ್ಲಿ ಒಂದನ್ನೇ ಒತ್ತಿದಾಗ ಟ್ರ್ಯಾಕ್ಟರು ಆ ಪಕ್ಕಕ್ಕೆ ಹೊರಳಿ ಮಗುಚುತ್ತದೆ.

ಇಲ್ಲಿಗೆ ನಾವು ಈ ಇತಿಹಾಸದ ಕಠಿನವಾದ ಭಾಗಕ್ಕೆ ಬಂದಂತಾಯಿತು. ಫರ್ಗ್ಯುಸನ್ನನ ಸಮತೋಲ ನೇಗಿಲಿಗೆ ಸಂಬಂಧಿಸಿದುದು, ಹೇರಿಗಲ್ಲ. ನಮ್ಮಲ್ಲಿ ಟ್ರ್ಯಾಕ್ಟರು ಉಳುವಷ್ಟೇ ಹೇರನ್ನೂ ಎಳೆಯುತ್ತದೆ. ಕಬ್ಬು, ಗೋವಿನಜೋಳ, ಇಟ್ಟಿಗೆ, ಉಸುಕು, ಜಾತ್ರೆಗೆ ಹೋಗುವ ಜನ, ಎಲ್ಲವೂ ಅದರ ಹಿಂದಿನ ಟ್ರೇಲರಿನಲ್ಲಿ. ಚಕ್ಕಡಿಯ ಮೂಕಿಯನ್ನು ಎತ್ತಿನಿಂದ ಬಿಡಿಸಿ ಯಂತ್ರಕ್ಕೆ ಕಟ್ಟಿದಂತೆ ಈ ಟ್ರೇಲರು ಹುಟ್ಟಿತು. ಆದರೆ ಎತ್ತು ಹೋದಾಗ ಅದರ ಜೊತೆಗೆ ಬ್ರೇಕೂ ಹೋಯಿತೆಂಬುದನ್ನು ಯಾರೂ ಎಣಿಸಲಿಲ್ಲ. ಅನೇಕ ಟ್ರೇಲರುಗಳಿಗೆ ಇಂದಿಗೂ ಸ್ವಂತ ತಡೆಯಿಲ್ಲ. ಟ್ರ್ಯಾಕ್ಟರಿಗಿರುವುದೂ ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗಳ ತಡೆ ಮಾತ್ರ. ತನಗಿಂತ ಹಲವು ಪಾಲು ಭಾರವಾದ ಟ್ರೇಲರು ಇಳಿಜಾರಿನಲ್ಲಿ ಹಿಂದಿನಿಂದ ನುಗ್ಗಿದಾಗ ಟ್ರ್ಯಾಕ್ಟರು ಕೊಂಡಿಯ ಬಳಿ ಮಡಚಿಕೊಂಡು ಅಡ್ಡಬೀಳುತ್ತದೆ. ಡೀಸೆಲ್ ಉಳಿಸುವ ಆಸೆಯಿಂದ ಇಳಿಜಾರಿನಲ್ಲಿ ಗಿಯರನ್ನು ತೆಗೆದು ಬಿಟ್ಟರೆ ಎಂಜಿನ್ನಿನ ತಡೆಯೂ ಇಲ್ಲವಾಗುತ್ತದೆ. ಹೂತ ಟ್ರೇಲರನ್ನು ಎಳೆಯಲು ಸರಪಳಿಯನ್ನು ಅಚ್ಚಿಗಿಂತ ಮೇಲೆ ಕಟ್ಟಿದರೆ, ಹಳೆಯ ಕಾಲದ ಟ್ರ್ಯಾಕ್ಟರಿನಂತೆಯೇ ಮುಂಭಾಗ ಎದ್ದು ಹಿಂದಕ್ಕೆ ಮಗುಚುತ್ತದೆ. ಸ್ವೀಡನ್ ದೇಶವು ಮಗುಚಿದಾಗ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟನ್ನು ಹೊಸ ಟ್ರ್ಯಾಕ್ಟರುಗಳಿಗೆ ೧೯೫೯ರಲ್ಲಿಯೇ ಕಡ್ಡಾಯ ಮಾಡಿ ಪ್ರಾಣಹಾನಿಯನ್ನು ಬಹಳವಾಗಿ ತಗ್ಗಿಸಿತು. ಅಂಥ ಚೌಕಟ್ಟಿಲ್ಲದ ಟ್ರ್ಯಾಕ್ಟರುಗಳು ನಮ್ಮ ಹೊಲಗಳಲ್ಲಿ ಇನ್ನೂ ಸರ್ವಸಾಮಾನ್ಯ.

೮

ಇನ್ನು ಇತ್ತೀಚಿನ ಅಧ್ಯಾಯ. ತಿರುಗದೆ ನಿಂತ ಗಾಲಿ ಜಾರುತ್ತದೆ ಎಂಬ ಘಟ್ಟದ ಗಾಡಿಯ ಒಗಟಿಗೆ ಒಂದು ಯಾಂತ್ರಿಕ ಪರಿಹಾರ ೧೯೫೦ರ ದಶಕದಲ್ಲಿ ವಿಮಾನಗಳಿಗಾಗಿ ಡನ್ಲಪ್ ಸಂಸ್ಥೆಯು ಮಾಡಿದ ‘ಮ್ಯಾಕ್ಸರೆಟ್’ ಎಂಬ ಸಾಧನದಿಂದ ದೊರೆಯಿತು. ಗಾಲಿ ನಿಲ್ಲುವ ಲಕ್ಷಣ ಕಂಡೊಡನೆ ಅದು ಬ್ರೇಕನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಹಿಡಿಯುತ್ತಿತ್ತು. ೧೯೬೬ರ ಜೆನ್ಸೆನ್ ಎಫ್‌ಎಫ್ ಕಾ‌ರಿನಲ್ಲಿ ಈ ಸಾಧನವನ್ನೂ ನಾಲ್ಕು ಗಾಲಿಗಳ ಚಾಲನೆಯನ್ನೂ ಒಂದುಗೂಡಿಸಿದರು. ಆ ಕಾರಿನ ಹೆಸರಿನ ಕೊನೆಯ ಎರಡಕ್ಷರಗಳು ‘ಫರ್ಗ್ಯುಸನ್ ಫಾರ್ಮುಲಾ’ ಎಂಬುದನ್ನು ಸೂಚಿಸುತ್ತವೆ. ೧೯೬೦ರಲ್ಲಿ ತೀರಿಕೊಂಡ ಅದೇ ಹ್ಯಾರಿ ಫರ್ಗ್ಯುಸನ್ನನ ಸಂಶೋಧನ ಸಂಸ್ಥೆಯ ಫಲವದು. ನೇಗಿಲಿನ ಸಮತೋಲವನ್ನು ಕಂಡವನ ಹೆಸರೇ ಚಾಲನೆ ಹಾಗೂ ತಡೆಗಳ ಈ ಸಂಗಮದಲ್ಲಿಯೂ ಕಾಣುವುದು ಕೇವಲ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಹೊಲದಲ್ಲಿ ಕಲಿತವನಿಗೆ ಮಾತ್ರ ಮೂರು ಧರ್ಮಗಳೂ ಒಂದೇ ಎಂಬುದು ಹೊಳೆಯುತ್ತದೆ.

೧೯೭೮ರಲ್ಲಿ ಬಾಷ್ ಸಂಸ್ಥೆಯ ವಿದ್ಯುನ್ಮಾನ ಎಬಿಎಸ್ ಬಂದಿತು. ಮುಂದೆ ಬರಿದೇ ತಿರುಗುವ ಗಾಲಿಯನ್ನು ಗುರುತಿಸಿ ಅದಕ್ಕೆ ಮಾತ್ರ ಬ್ರೇಕು ಹಾಕಿ, ಬಲವನ್ನು ಎದುರು ಗಾಲಿಗೆ ದಾಟಿಸುವ ವ್ಯವಸ್ಥೆ ಬಂದಿತು. ೧೯೯೫ರಲ್ಲಿ ಸ್ಥಿರತಾ ನಿಯಂತ್ರಣ ಬಂದಿತು: ಚಾಲಕನು ಸ್ಟಿಯರಿಂಗನ್ನು ಎತ್ತ ತಿರುಗಿಸಿದ್ದಾನೆ, ಗಾಡಿ ನಿಜವಾಗಿ ಎತ್ತ ತಿರುಗುತ್ತಿದೆ ಎಂಬುದನ್ನು ಹೋಲಿಸಿ, ಎರಡೂ ಹೊಂದದಿದ್ದರೆ ತಕ್ಕ ಒಂದು ಗಾಲಿಯನ್ನು ತಡೆದು ಗಾಡಿಯನ್ನು ದಾರಿಗೆ ತರುತ್ತದೆ. ೧೯೯೭ರಲ್ಲಿ ಲ್ಯಾಂಡ್ ರೋವರ್ ಸಂಸ್ಥೆಯ ಫ್ರೀಲ್ಯಾಂಡರಿನಲ್ಲಿ ಇಳಿಜಾರಿನ ನಿಯಂತ್ರಣ ಬಂದು, ಚಾಲಕನು ಬ್ರೇಕನ್ನು ಮುಟ್ಟದೆಯೇ ಗಾಡಿ ಮೆಲ್ಲಗೆ ಇಳಿಯುವಂತಾಯಿತು. ೨೦೨೦ರ ಮಹೀಂದ್ರ ಥಾರ್ ಗಾಡಿಯಲ್ಲಿ ಇಂಥ ಸಾಧನಗಳು ಕೂಡಿಬಂದವು. ಅದು ೧೯೪೭ರ ಜೀಪಿನ ನೇರ ವಂಶಜ.

ಇವೆಲ್ಲವನ್ನೂ ಒಟ್ಟಿಗೆ ನೋಡಿದರೆ ಇವುಗಳ ಮೂಲದಲ್ಲಿ ಭಿನ್ನತಡೆಯೊಂದೇ ಇರುವುದು ಕಾಣುತ್ತದೆ. ಎಡದೆತ್ತಿನ ಮೂಗುದಾರ, ಟ್ರ್ಯಾಕ್ಟರಿನ ಎಡಪೆಡಲು, ಸ್ಥಿರತಾ ನಿಯಂತ್ರಣದ ಎಡಗಾಲಿಯ ಬ್ರೇಕು ಇವು ಒಂದೇ ತತ್ತ್ವದ ಮೂರು ಅವತಾರಗಳು. ಬದಲಾದುದು ಅದನ್ನು ನಡೆಸುವವರು ಮತ್ತು ಅದರ ವೇಗ.

ಆದರೂ ಯಂತ್ರದ ಬುದ್ಧಿಗೆ ನೆಲವು ಒಂದು ಮಿತಿಯನ್ನು ಇಟ್ಟಿದೆ. ಸಡಿಲ ಮಣ್ಣಿನಲ್ಲಿ, ಉಸುಕಿನಲ್ಲಿ ನಿಂತ ಗಾಲಿಯು ತನ್ನ ಮುಂದೆ ಮಣ್ಣಿನ ಒಡ್ಡನ್ನು ಕೂಡಿಸಿಕೊಂಡು ಬೇಗ ನಿಲ್ಲುತ್ತದೆ. ಗಾಲಿಯನ್ನು ನಿಲ್ಲಗೊಡದ ಎಬಿಎಸ್ ಅಲ್ಲಿ ನಿಲುಗಡೆಯ ದೂರವನ್ನು ಹೆಚ್ಚಿಸಬಹುದು. ಎರೆಯ ರಾಡಿಯಲ್ಲಿ ಟಯರಿನ ಗೆರೆಗಳಲ್ಲಿ ತುಂಬಿದ ಮಣ್ಣನ್ನು ಕೊಡವಲು ಗಾಲಿ ತುಸು ವೇಗವಾಗಿ ತಿರುಗಬೇಕಾಗುತ್ತದೆ. ತಿರುಗಿದೊಡನೆ ಎಂಜಿನ್ನಿನ ಬಲವನ್ನು ತಗ್ಗಿಸುವ ವ್ಯವಸ್ಥೆಯಿದ್ದರೆ ಗಾಡಿ ಅಲ್ಲಿಯೇ ಹೂಳುತ್ತದೆ. ಆದ್ದರಿಂದಲೇ ಅಂಥ ಗಾಡಿಗಳಲ್ಲಿ ಆ ವ್ಯವಸ್ಥೆಯನ್ನು ಆರಿಸಲು ಒಂದು ಗುಂಡಿಯನ್ನು ಇಟ್ಟಿರುತ್ತಾರೆ. ಇರುವ ಹಿಡಿತವನ್ನು ಯಂತ್ರವು ನಾಲ್ಕು ಗಾಲಿಗಳಿಗೆ ಜಾಣತನದಿಂದ ಹಂಚಬಲ್ಲದು; ಇಲ್ಲದ ಹಿಡಿತವನ್ನು ಹುಟ್ಟಿಸಲಾರದು. ಗುಂಡಿಯನ್ನು ಯಾವಾಗ ಒತ್ತಬೇಕೆಂಬುದನ್ನು ಹೇಳಬೇಕಾದುದು ನೆಲವನ್ನು ಬಲ್ಲ ಕಣ್ಣೇ.

೯

ಇಲ್ಲಿ ಒಂದು ಆಕ್ಷೇಪ ಬರಬಹುದು. ಎತ್ತಿನ ಕಾಲ ಮುಗಿಯಿತು. ಯಂತ್ರದ ದೋಷವನ್ನು ಯಂತ್ರವೇ ತಿದ್ದಿಕೊಳ್ಳುತ್ತದೆ. ಹಳೆಯದನ್ನು ಕೆದಕುವುದರಿಂದ ಪ್ರಯೋಜನವೇನು ಎಂದು ಕೇಳಬಹುದು. ಹಳೆಯದಕ್ಕೆ ಮರಳಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಎತ್ತಿನ ಕೊರಳಿನ ಹುಣ್ಣನ್ನು ಕಂಡವರು ಯಾರೂ ಹಾಗೆ ಹೇಳಲಾರರು. ಆದರೆ ಯಂತ್ರವು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬ ಮಾತನ್ನು ಈ ಇತಿಹಾಸವು ಸಮರ್ಥಿಸುವುದಿಲ್ಲ. ಭಾರತದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೆ ೨೦೧೯ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯವಾಯಿತು. ಅದೇ ರಸ್ತೆಯ ಮೇಲೆ ಕಾರಿನ ಹತ್ತು ಪಾಲು ಭಾರವನ್ನು ಹೇರಿಕೊಂಡ ಟ್ರೇಲರು ಒಂದು ಮರದ ತುಂಡಿನ ತಡೆಯೂ ಇಲ್ಲದೆ ಇಳಿಯುತ್ತಿದೆ. ಘಟ್ಟದ ಗಾಡಿಕಾರನು ಹಿಂದೆ ಕಟ್ಟಿಕೊಳ್ಳುತ್ತಿದ್ದ ದಿಮ್ಮಿಯಷ್ಟೂ ಅದಕ್ಕೆ ಇಲ್ಲ. ಸುಧಾರಣೆಯು ಅಗತ್ಯವಿದ್ದಲ್ಲಿಗೆ ಹೋಗದೆ ಹಣವಿದ್ದಲ್ಲಿಗೆ ಹೋದುದೇ ಇದಕ್ಕೆ ಕಾರಣ.

ಒಟ್ಟಿನಲ್ಲಿ ನಮ್ಮ ನಿರ್ಣಯಗಳಿವು. ಒಂದು: ಸಾರಿಗೆಯ ಇತಿಹಾಸವನ್ನು ರಸ್ತೆಯಿಂದಷ್ಟೇ ಬರೆಯಲಾಗದು, ವಾಹನದ ಚಾಲನೆ, ತಡೆ, ಸಮತೋಲಗಳನ್ನೂ ಅದರ ಅಂಗವಾಗಿ ವಿಚಾರಿಸಬೇಕು. ಎರಡು: ಚಕ್ಕಡಿಯಿಂದ ವಿದ್ಯುನ್ಮಾನ ನಿಯಂತ್ರಣದವರೆಗೆ ಭಿನ್ನತಡೆಯ ತತ್ತ್ವವು ಅವಿಚ್ಛಿನ್ನವಾಗಿ ಹರಿದುಬಂದಿದೆ. ಮೂರು: ಎತ್ತಿನಿಂದ ಯಂತ್ರಕ್ಕೆ ದಾಟುವಾಗ ಚಾಲನೆಯ ಹೊಣೆಯನ್ನು ಯಂತ್ರವು ಪೂರ್ಣವಾಗಿ ಹೊತ್ತಿತು, ಹೇರಿನ ತಡೆಯ ಹೊಣೆಯನ್ನು ಮಾತ್ರ ಯಾರೂ ಹೊರಲಿಲ್ಲ. ಟ್ರೇಲರಿಗೆ ಸ್ವಂತ ಬ್ರೇಕು, ಟ್ರ್ಯಾಕ್ಟರಿಗೆ ರಕ್ಷಣೆಯ ಚೌಕಟ್ಟು ಇವು ಹೊಸ ಆವಿಷ್ಕಾರಗಳಲ್ಲ. ತೀರಿಸದೆ ಉಳಿದ ಹಳೆಯ ಸಾಲ. ದುಮ್ಮವಾಡ ಸೀಮೆಯ ಬಡಿಗರ, ಕಂಬಾರರ, ಗಾಡಿ ಹೊಡೆಯುವವರ ನುಡಿಯಲ್ಲಿ ಗಾಲಿ, ಅಚ್ಚು, ಹೇರು, ಇಳಿಜಾರುಗಳನ್ನು ಕುರಿತ ಪದಸಂಪತ್ತು ಇನ್ನೂ ಉಳಿದಿದೆ. ಅದನ್ನು ಊರೂರಿನಲ್ಲಿ ಸಂಗ್ರಹಿಸುವ ಕೆಲಸವನ್ನು ಮುಂದಿನ ಸಂಶೋಧಕರು ಬೇಗನೆ ಕೈಕೊಳ್ಳಬೇಕೆಂದು ಸೂಚಿಸಿ ಈ ವಿವೇಚನೆಯನ್ನು ಮುಗಿಸುತ್ತೇವೆ.